ಪರಸಿ ಗಣಿಯೊಳಗಿನ ಎರಡನೇ ಉಸಿರು

ನಾ ಸುಳ್ಳುಗಾರ ಅಲ್ರಿ. ಮದುವಿ ಬ್ಯಾಂಡ್ ಬಿಟ್ಟು ಇಪ್ಪತ್ತು ವರ್ಷದಿಂದ ಟ್ರಂಪೆಟ್‌ನಾಗ ಹಾಡಿಲ್ಲದ, ಬರೇ ಉಸಿರಿನ ಸಂಗೀತ ಊದಾಕತ್ತೀನಿ. ಜನ ನಕ್ಕರು, ತಡ್ಕೊಂಡೆ. ಆದ್ರ ಬೆಂಗಳೂರಿನ ಸಂಗೀತೋತ್ಸವದವರು ನನ್ನ ರೆಕಾರ್ಡಿಂಗ್ ಕೇಳಿ, "ಇಬ್ಬರು ಊದ್ಯಾರ, ಒಬ್ಬನ ಹೆಸರು ಮುಚ್ಚಿಟ್ಟೀರಿ" ಅಂದ್ರು. ಇದನ್ನ ತಡ್ಕೊಳ್ಳಂಗಿಲ್ಲ.

ಆ ರೆಕಾರ್ಡಿಂಗ್ ಮಾಡಾಕ ಶಹಾಬಾದಿನ ಹಾಳು ಪರಸಿ ಗಣಿಗೆ, ನೆಲಕ್ಕ ಹಾಸೂ ಕಲ್ಲು ತೆಗೀತಿದ್ದ ಗಣಿಗೆ, ಮಟಮಟ ಮಧ್ಯಾಹ್ನ ಒಬ್ಬನೇ ಇಳಿದಿದ್ದೆ. ಕಲ್ಲು ಕಾದು ಕೆಂಡ ಆಗಿತ್ತು. ನಾ ಊದಿದ್ದನ್ನ ಗೋಡಿ ವಾಪಸ್ ಕೊಡ್ತಿತ್ತು. ನಾಕನೇ ಸಲ, ನಾ ಊದೂ ಮೊದಲೇ ವಾಪಸ್ ಬಂತು.

ಸಿಟ್ಟು ಬಂತು. ಬ್ಯಾಂಡಿನವರ ರೂಢಿಯಂಗ, ಉಸಿರಿನಿಂದ ನಳಿಗಿಯೊಳಗ ಕೂಡಿದ್ದ ನೀರೆಲ್ಲ ಬಸಿದು, ಟ್ರಂಪೆಟ್ ಕಲ್ಲಿನ ಮ್ಯಾಲಿಟ್ಟೆ. "ಯಾರದು? ಎದುರಿಗೆ ಬರ್ರಿ!" ಅಂತ ಒದರಿದೆ. ಆ ಉಸಿರಿನ ಸದ್ದು ನಿಲ್ಲಲಿಲ್ಲ.

ಮ್ಯಾಲಿಂದ ಕಾವಲುಗಾರ ಭಾಗಣ್ಣ ಕೂಗಿದ: "ಸಾಕ್ ಮಾಡ್ರಿ ನಯೀಮ ಸಾಬ್ರ, ಎಷ್ಟೊತ್ತು ಊದ್ತೀರಿ?"

"ನಾ ಎಲ್ಲಿ ಊದಾಕತ್ತೀನಿ ಭಾಗಣ್ಣ? ಕೈ ಖಾಲಿ ಐತಿ, ನೋಡು!"

ಆಗ ಸದ್ದು ನಿಂತಿತು. ಟ್ರಂಪೆಟ್ ಎತ್ತಿಕೊಂಡೆ. ಅಂಥ ಬಿಸಿಲಾಗೂ ತುಟಿ ಇಡೂ ಜಾಗ ಭಾಳ ತಣ್ಣಗಿತ್ತು. ನೀರು ಬಸಿಯೂ ಕೀಲಿ ಒತ್ತಿದೆ. ಬೊಗಸಿ ತುಂಬ ನೀರು ಸುರೀತು. ಸಂಜಿ ತನಕ ಆ ಕಲ್ಲು ಒಣಗಲಿಲ್ಲ.

ಈಗ ಎರಡನೆಯವನ ಹೆಸರು ಕೊಡು ಅಂತಾರ. ಆ ನೀರು ಯಾರದು, ಮೊದಲು ಅದನ್ನ ಅವರೇ ಹೇಳಲಿ!