ಮೂರೂ ಹತ್ತರ ತಲೆನೋವು

ಎದುರು ಅಂಗಡಿಯ ಟೈಲರ್ ತನಗೇ ಕಣ್ಣು ಹೊಡೆಯುತ್ತಿದ್ದಾನೆಂದು ಅವಳಿಗೆ ಖಾತ್ರಿಯಾದದ್ದು ನಾಲ್ಕನೆಯ ದಿನ.

ಅವಳು ಚಿಕ್ಕಮ್ಮನ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಮಧ್ಯಾಹ್ನ ಮೂರೂ ಹತ್ತಕ್ಕೆ ಸರಿಯಾಗಿ ಅವನು ಹೊಲಿಗೆ ನಿಲ್ಲಿಸಿ ತಲೆಯೆತ್ತುತ್ತಿದ್ದ. ಎಡಗಣ್ಣು ಮೆಲ್ಲನೆ ಅರೆಮುಚ್ಚುತ್ತಿತ್ತು. ಮರುಕ್ಷಣ ಶಟರ್ ಅರ್ಧ ಇಳಿಸಿ ಮಾಯ. ಅವಳಿಗೆ ಕೋಪ ಬಂದದ್ದು ನಿಜ. ಮೂರು ಗಂಟೆಯಾಗುತ್ತಲೇ ಕನ್ನಡಿ ನೋಡಿ ಕೂದಲು ಸರಿಮಾಡಿಕೊಳ್ಳುತ್ತಿದ್ದುದೂ ಅಷ್ಟೇ ನಿಜ.

ಐದನೆಯ ದಿನ, ನಾಲ್ಕು ಮಾತು ಅಂದೇ ಬರುತ್ತೇನೆಂದು ರಸ್ತೆ ದಾಟಿ, ಶಟರ್ ಕೆಳಗೆ ಬಗ್ಗಿ ಒಳಹೊಕ್ಕಳು. ಅವನು ಎಡಗಣ್ಣಿಗೆ ಅಂಗೈ ಒತ್ತಿಕೊಂಡು ಮೇಜಿನಿಂದ ಗೋಡೆಗೆ, ಗೋಡೆಯಿಂದ ಮೇಜಿಗೆ ಬೋನಿನ ಹುಲಿಯಂತೆ ತಿರುಗುತ್ತಿದ್ದ. ಆ ಒಂದು ಕಣ್ಣು ಮಾತ್ರ ಕೆಂಪಾಗಿ ನೀರು ಸುರಿಸುತ್ತಿತ್ತು. ಮೂಗೂ ಆ ಕಡೆಯೇ ಸೋರುತ್ತಿತ್ತು. ಬೈಯಲು ಬಂದವಳು ಸ್ಟೂಲ್ ಎಳೆದುಕೊಂಡು ಅಲ್ಲೇ ಕಾದು ಕುಳಿತಳು.

ಮುಕ್ಕಾಲು ಗಂಟೆಯಾದ ಮೇಲೆ ನೋವು ಬಂದ ಹಾಗೆಯೇ ಹೊರಟುಹೋಯಿತು. ಅವನು ನೀರು ಕುಡಿದು, ನಾಚುತ್ತಲೇ ಎಲ್ಲ ಹೇಳಿದ. ವರ್ಷಕ್ಕೊಮ್ಮೆ ಬರುತ್ತದಂತೆ; ಬಂದರೆ ಎರಡು ತಿಂಗಳು, ದಿನವೂ ಇದೇ ಹೊತ್ತಿಗೆ, ಕಣ್ಣಿನ ಹಿಂದೆ ಕಾದ ಸೂಜಿ ತಿರುಗಿಸಿದ ಹಾಗೆ. ಒಬ್ಬ ಡಾಕ್ಟರು ಸೈನಸ್ ಎಂದರು. ಇನ್ನೊಬ್ಬರು ಗಟ್ಟಿಮುಟ್ಟಾದ ಹಲ್ಲೊಂದನ್ನು ಕಿತ್ತರು. ಕತ್ತಲಲ್ಲಿ ಮಲಗು ಎಂದರು ಮತ್ತೊಬ್ಬರು. ಮಲಗಿದರೆ ನೋವು ಇಮ್ಮಡಿ.

"ನಾನು ನೀವು ಕಣ್ಣು ಹೊಡೀತಿದೀರ ಅಂದ್ಕೊಂಡಿದ್ದೆ," ಎಂದಳು.

ಅವನು ತಲೆ ತಗ್ಗಿಸಿದ. "ಅಷ್ಟು ಧೈರ್ಯ ಇದ್ದಿದ್ರೆ ಹೋದ ವರ್ಷವೇ ಹೊಡೀತಿದ್ದೆ ಮೇಡಂ."

ಅವಳು ಟಾರ್ಚ್ ಹಿಡಿದು ನೋಡಿದಳು. ಎಡಗಣ್ಣಿನ ಪಾಪೆ ಬಲಗಡೆಯದಕ್ಕಿಂತ ಚಿಕ್ಕದಿತ್ತು. ಇದು ಕನ್ನಡಕದಿಂದ ಆಗುವ ಕೆಲಸವಲ್ಲವೆಂದು ನರರೋಗ ತಜ್ಞರಿಗೆ ಚೀಟಿ ಬರೆದಳು. ನೋವು ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ಅಳತೆ ಪುಸ್ತಕದಲ್ಲೇ ಬರೆದಿಡಲು ಹೇಳಿದಳು. ತಜ್ಞರು ಆ ಪುಟ ನೋಡಿ, ಸ್ಕ್ಯಾನ್ ಮಾಡಿಸಿ, ಇದು ಸರಣಿಯಾಗಿ ಬರುವ ಕ್ಲಸ್ಟರ್ ತಲೆನೋವು ಎಂದರು. ನೋವು ಬಾರದಂತೆ ತಡೆಯಲು ಮಾತ್ರೆ, ಅದು ಹೃದಯಕ್ಕೆ ತೊಂದರೆ ಕೊಡುತ್ತಿಲ್ಲವೆಂದು ನೋಡಲು ಆಗಾಗ ಇಸಿಜಿ. ಬಂದೇಬಿಟ್ಟರೆ ಮಾಸ್ಕ್ ಹಾಕಿ ಹದಿನೈದು ನಿಮಿಷ ಆಕ್ಸಿಜನ್. ಈ ಎರಡು ತಿಂಗಳು ಮದ್ಯ ಮುಟ್ಟಕೂಡದು.

ಸಿಲಿಂಡರ್ ಬಂತು. ಆದರೆ ಟೈಲರ್ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ದಿನವಿಡೀ ಕಾಯುತ್ತಿರುತ್ತದೆ, ಆಕ್ಸಿಜನ್ ಪಕ್ಕ ಅದು ಸಲ್ಲದು. ನಮ್ಮ ಟೆಸ್ಟಿಂಗ್ ರೂಮಿನಲ್ಲಿಡಿ ಎಂದು ಅವಳು ಹಿಂದುಮುಂದು ನೋಡದೆ ಅಂದುಬಿಟ್ಟಳು. ಚಿಕ್ಕಮ್ಮ ಕನ್ನಡಕದ ಮೇಲಿಂದ ಒಮ್ಮೆ ನೋಡಿ ರೂಮಿನ ಮೂಲೆ ಖಾಲಿ ಮಾಡಿಸಿದರು.

ಅಲ್ಲಿಂದ ಅವನು ದಿನವೂ ರಸ್ತೆ ದಾಟಿ ಬಂದ. ಮಾಸ್ಕ್ ಹಾಕಿದವನು ಮಾತಾಡುವ ಹಾಗಿಲ್ಲ. ಹಾಗಾಗಿ ಅವಳೇ ಮಾತಾಡಿದಳು, ಅವನು ಹುಬ್ಬಿನಲ್ಲೇ ಉತ್ತರ ಕೊಟ್ಟ. ಮಾಸ್ಕ್ ತೆಗೆದಾಗ ಕೆನ್ನೆಯ ಮೇಲೆ ಉಳಿಯುವ ಗೆರೆ ಕಂಡು ಅವಳು ನಕ್ಕರೆ ಅವನ ಕಿವಿ ಕೆಂಪಾಗುತ್ತಿತ್ತು. ಯಾರೂ ಹೇಳದೆಯೇ ರೂಮಿಗೆ ಹೊಸ ಪರದೆ ಹೊಲಿದು ಹಾಕಿದ.

ಮಾತ್ರೆ ಹಿಡಿಯಿತು. ನೋವು ಒಂದು ದಿನ ತಪ್ಪಿತು, ಆಮೇಲೆ ಮೂರು ದಿನ, ಆರನೆಯ ವಾರಕ್ಕೆ ಪೂರ್ತಿ ನಿಂತಿತು. ಅವನು ಕೈಮುಗಿದು, ಸಿಲಿಂಡರ್ ವಾಪಸ್ ಕಳಿಸಿ, ಮತ್ತೆ ಈ ಕಡೆ ಬರಲೇ ಇಲ್ಲ.

ಒಂಬತ್ತನೆಯ ದಿನ ಅವಳು ಒಬ್ಬರ ಫ್ರೇಮಿಗೆ ಇನ್ನೊಬ್ಬರ ಲೆನ್ಸ್ ಹಾಕಿಕೊಟ್ಟಳು. ಚಿಕ್ಕಮ್ಮ ಅದನ್ನು ತಿದ್ದುತ್ತಾ, "ಅವನಿಗೇನೋ ವಾಸಿಯಾಯ್ತು. ನಿನಗೆ ಯಾವಾಗ?" ಎಂದು ಕೇಳಿದರು.

ಅವಳು ಎದ್ದು ಎದುರು ಅಂಗಡಿಗೆ ಹೋದಳು. ಯಾಕೆ ಬರಲಿಲ್ಲವೆಂದು ನೇರ ಕೇಳಿದಳು.

ಅವನು ಕತ್ತರಿ ಕೆಳಗಿಟ್ಟ. "ಮುಂದಿನ ವರ್ಷ ಮತ್ತೆ ಬರಬಹುದು ಮೇಡಂ. ಆಗ ನಾನು ಮನುಷ್ಯನ ಹಾಗಿರಲ್ಲ, ನೀವೇ ನೋಡಿದೀರಲ್ಲ. ಇಂಥದ್ದನ್ನ ಇನ್ನೊಬ್ಬರ ತಲೆಗೆ ಹೇಗೆ ಕಟ್ಟಲಿ?"

"ನೋಡಿದೀನಿ, ಅದಕ್ಕೇ ಬಂದಿದೀನಿ. ಎರಡು ತಿಂಗಳು ಅದರದ್ದು ಅಂತಿಟ್ಕೊಳ್ಳಿ. ಉಳಿದ ಹತ್ತು ತಿಂಗಳು ಯಾರದ್ದು?"

ಅವನು ತಲೆಯೆತ್ತಿ ಅವಳನ್ನೇ ನೋಡಿದ. ಎರಡೂ ಕಣ್ಣು ಅರಳಿದ್ದವು.

"ನಿಮ್ಮದು. ಹತ್ತೂ ನಿಮ್ಮದೇ."

"ಹನ್ನೆರಡೂ," ಎಂದು ಅವಳು ತಿದ್ದಿದಳು.

ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಅವನು ಚಿಕ್ಕಮ್ಮನ ಬಳಿ ಹೆಣ್ಣು ಕೇಳಲು ಹೊರಟ. ರಸ್ತೆ ಖಾಲಿಯಿತ್ತು, ಆದರೂ ದಾಟುವಾಗ ಅವಳು ಅವನ ಕೈ ಹಿಡಿದುಕೊಂಡಳು.