ಟವಲ್ಲಿನಡಿಯ ಬೆಲೆ

೧೯೮೬ರ ಜುಲೈ ೧೪, ಸೋಮವಾರ ಬೆಳಿಗ್ಗೆ ಅರಸೀಕೆರೆ ಠಾಣೆಗೆ ಬಂದ ದೂರಿನ ತಲೆಬುಡ ಇನ್ಸ್‌ಪೆಕ್ಟರ್ ಉಗ್ರಪ್ಪನವರಿಗೆ ತಿಳಿಯಲಿಲ್ಲ. ಕೊಬ್ಬರಿ ಸಂಘದ ಕಚೇರಿಯಿಂದ ಕಂಪ್ಯೂಟರ್ ಫ್ಲಾಪಿಗಳ ಕವರೊಂದು ಕಳುವಾಗಿತ್ತು. ಹರಾಜಿಗೆ ತರುವ ಕಂಪ್ಯೂಟರಿಗೆ ಏನೇನು ತಿಳಿದಿರಬೇಕೋ ಅದನ್ನೆಲ್ಲ ಹಳೇಬೀಡಿನ ಎಂಜಿನಿಯರ್ ರತ್ನಪ್ರಭಾ ಮೂರು ತಿಂಗಳು ಕೂತು ಅವುಗಳಲ್ಲಿ ತುಂಬಿಸಿದ್ದಳು. ನಾಳೆ ಸಂಘದೆದುರು ತೋರಿಸದಿದ್ದರೆ ಅಷ್ಟೂ ದುಡಿಮೆ ಮಣ್ಣುಪಾಲು.

ಎಫ್.ಐ.ಆರ್. ಆಯಿತು. ಕಾವಲುಗಾರ, ಗುಮಾಸ್ತ, ದಲ್ಲಾಳಿ ಇಂದುಧರ, ಮೂವರೂ ಗೊತ್ತಿಲ್ಲವೆಂದರು. ಟವಲ್ಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವುದರಲ್ಲಿ ಇಂದುಧರ ಎತ್ತಿದ ಕೈ. ಟವಲ್ ಬೆಲೆಗೆ ಮೂಲವೇ ಇಲ್ಲವೆನ್ನುವ ಯಂತ್ರ ಯಾರಿಗೆ ಬೇಕೆಂದು ಅವನು ಗೊಣಗಿದ್ದನ್ನೂ ಉಗ್ರಪ್ಪ ಬರೆದುಕೊಂಡು ಮರೆತರು.

ತಪ್ಪು ಹುಡುಕುವ ಪ್ರೋಗ್ರಾಮಿನ ಫ್ಲಾಪಿ ರತ್ನಪ್ರಭಾಳ ಬ್ಯಾಗಿನಲ್ಲೇ ಉಳಿದಿತ್ತು. ಒಂದು ಸಂಗತಿ ಎಲ್ಲಿ ಬಂದರೂ, ಅದನ್ನು ಕೊಟ್ಟವರಾರು ಎಂದು ಕೇಳುವುದೇ ಅದರ ಕೆಲಸ. ಮೂವರ ಹೇಳಿಕೆಗಳನ್ನೂ ಹಾಗೇ ತುಂಬಿಸೋಣವೆಂದಳು. ಗಿಣಿಶಾಸ್ತ್ರ ಕೇಳಲು ಕೂತ ಹಾಗಾಯಿತಲ್ಲ ಎಂದು ಉಗ್ರಪ್ಪ ಒಳಗೊಳಗೇ ನಕ್ಕರು. ಸಂಜೆ ಸಂಘದ ಕಚೇರಿಯ ಪ್ರಿಂಟರ್ ಕಿರುಗುಟ್ಟಿ ಒಂದೇ ಸಾಲು ಉಗುಳಿತು: ಟವಲ್ ಬೆಲೆಗೆ ಮೂಲವಿಲ್ಲವೆಂಬ ಸಂಗತಿ, ಹೇಳಿದವನು ಇಂದುಧರ, ಅವನಿಗೆ ತಿಳಿಸಿದವರು ಯಾರೂ ಇಲ್ಲ.

ರತ್ನಪ್ರಭಾಳ ಮುಖ ಅರಳಿತು. 'ಟವಲ್ ಬೆಲೆ: ಮೂಲ ಗೊತ್ತಿಲ್ಲ' ಎಂದು ಅವಳು ಭಾನುವಾರ ಸಂಜೆ ಬರೆದಿದ್ದು ಆ ಕವರಿನ ಮೇಲೆ ಮಾತ್ರ. ಯಾರಿಗೂ ಹೇಳಿರಲಿಲ್ಲ. ತನ್ನ ಕೈಯಾರೆ ಬರೆದುಕೊಂಡ ಮಾತು ತನಗೇ ಹೊಳೆಯಲಿಲ್ಲವಲ್ಲ ಎಂದು ಉಗ್ರಪ್ಪ ಹಣೆ ತಟ್ಟಿಕೊಂಡು ಎದ್ದರು.

ಜೀಪು ಇಂದುಧರನ ಊರಾದ ಕಣಕಟ್ಟೆಗೆ ಓಡಿತು. ಪಂಚರ ಸಮಕ್ಷಮ ಇಂದುಧರನ ಕೊಬ್ಬರಿ ಅಟ್ಟದಲ್ಲಿ ಕವರು ಸಿಕ್ಕಿತು. ಫ್ಲಾಪಿಗಳು ಮುಕ್ಕಾಗದಂತೆ ಅದನ್ನು ಮಡಿ ಟವಲ್ಲಿನಲ್ಲಿ ಸುತ್ತಿಟ್ಟಿದ್ದ.

"ಸುಡಬೋದಾಗಿತ್ತಲ್ಲ?" ಎಂದರು ಉಗ್ರಪ್ಪ.

"ಹೆಣ್ಮಗಳ ದುಡಿಮೆ ಸ್ವಾಮಿ, ಕೈ ಬರ್ನಿಲ್ಲ."

"ಕದ್ದಿದ್ದ್ಯಾಕೆ?"

"ನಮ್ಮಪ್ಪ ಬೆರಳು ಹಿಡ್ದು ಕಲಿಸಿದ್ದು. ಅದ್ರ ಮೂಲ ಗೊತ್ತಿಲ್ಲ ಅಂದ್ರೆ ನಮ್ಮಪ್ಪ ಇರ್ಲೇ ಇಲ್ಲ ಅಂದಂಗಾಯ್ತಲ್ಲ."

ಬಂಧನದ ಕಾಗದಗಳು ಮುಗಿದವು; ಫ್ಲಾಪಿಗಳು ರಸೀದಿಯ ಮೇಲೆ ರತ್ನಪ್ರಭಾಳ ಕೈ ಸೇರಿದವು. ಮರುದಿನ ಬೆಳಿಗ್ಗೆ ರತ್ನಪ್ರಭಾ ಠಾಣೆಗೆ ಬಂದು ಇಂದುಧರನ ಎದುರು ಕೂತಳು. "ಮೂಲ ಇಲ್ಲ ಅಂತಲ್ಲ ಇಂದುಧರಪ್ಪನೋರೇ. ನಿಮ್ಮನ್ನ ನಾನು ಕೇಳೇ ಇರ್ಲಿಲ್ಲ," ಎಂದು ತನ್ನ ಕೈ ಚಾಚಿದಳು. ಅವನು ಟವಲ್ ಹೊದಿಸಿ, ಒಂದೊಂದೇ ಬೆರಳು ಹಿಡಿದು ಬೆಲೆ ಹೇಳಿಕೊಟ್ಟ.

ಮಧ್ಯಾಹ್ನ ಸಂಘದೆದುರು ಯಂತ್ರ ಒಂದೂ ತಪ್ಪು ತೋರಿಸಲಿಲ್ಲ. ಚಪ್ಪಾಳೆಯ ನಡುವೆ ಉಗ್ರಪ್ಪ ಪರದೆಗೆ ಬಗ್ಗಿ ನೋಡಿದರು. ಟವಲ್ ಬೆಲೆಯ ಮುಂದೆ, ಕೊಟ್ಟವರ ಜಾಗದಲ್ಲಿ, ಇಂದುಧರನ ಹೆಸರೂ ಅವನಪ್ಪನ ಹೆಸರೂ ಇದ್ದವು.