ಟೈಪಿಸ್ಟಮ್ಮನ ತಕರಾರು ಅರ್ಜಿ

“ಮುಖವನ್ನು ಸ್ಥಿರವಾಗಿಡಿ,” ಎಂದಿತು ಫೋನು.

ಸ್ಥಿರವಾಗಿ!

ನನ್ನ ಸ್ಕೂಟರಿನ ಮುಳ್ಳು ಅರವತ್ತು ದಾಟಿತ್ತು. ಹಿಂದೆ ಜೀಪು. ಜೀಪಿನಲ್ಲಿ ಮೂವರು ರೌಡಿಗಳು, ಕೈಯಲ್ಲಿ ಕಬ್ಬಿಣದ ರಾಡು. ನನ್ನ ಬೆನ್ನಿಗೆ ಅಂಟಿಕೊಂಡು ಎಪ್ಪತ್ತೊಂದು ವರ್ಷದ ಟೈಪಿಸ್ಟಮ್ಮ. ಅವರ ಒಂದು ಕೈಯಲ್ಲಿ ನನ್ನ ಬೆಲ್ಟು, ಇನ್ನೊಂದರಲ್ಲಿ ಫೋನು.

“ರೀ ಡಿಟೆಕ್ಟಿವ್, ಸ್ವಲ್ಪ ನಿಧಾನ! ಫೋಟೋ ಅಲ್ಲಾಡ್ತಿದೆ!”

“ನಿಧಾನ ಮಾಡಿದ್ರೆ ಫೋಟೋಗೆ ಹಾರ ಹಾಕ್ಬೇಕಾಗುತ್ತೆ ಅಮ್ಮಾ!”

ಫೋನಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? “ಕನ್ನಡಕ ತೆಗೆಯಿರಿ,” ಎಂದಿತು.

ತೆಗೆದರು! ಅದಕ್ಕಾಗಿ ನನ್ನ ಬೆಲ್ಟು ಬಿಟ್ಟರು! ಅದೂ ತಿರುವಿನಲ್ಲಿ!

ನಾನು ಎಡಗೈ ಹಿಂದೆ ಚಾಚಿ ಅವರ ಸೆರಗು ಹಿಡಿದೆ. ಒಂದೇ ಕೈಯಲ್ಲಿ ಸ್ಕೂಟರು. ಎದುರಿಗೆ ಸಿಮೆಂಟ್ ಲಾರಿ...

“ಕಣ್ಣು ಮಿಟುಕಿಸಿ.”

ಲಾರಿಯ ಧೂಳು ರಪ್ಪನೆ ಮುಖಕ್ಕೆ ಹೊಡೆಯಿತು. ಅವರ ಕಣ್ಣು ತಾನಾಗಿ ಮಿಟುಕಿತು.

ಟಿಂಗ್! “ನಿಮ್ಮ ಗುರುತು ಖಚಿತವಾಗಿದೆ.”

“ಆಯ್ತು! ಆಯ್ತು ಕಣ್ರೀ!” ಟೈಪಿಸ್ಟಮ್ಮ ನನ್ನ ಬೆನ್ನಿಗೆ ಗುದ್ದಿದರು. ನನಗೂ ನಗು ಬಂತು. ಸಾವು ಹತ್ತು ಮಾರು ಹಿಂದೆ ಇರುವಾಗ ಮನುಷ್ಯ ನಗಬಾರದು... ಆದರೆ ನಕ್ಕೆ.

ಇದಕ್ಕೆ ಅರ್ಧ ಗಂಟೆ ಮುಂಚೆ ಅವರು ನನ್ನ ಆಫೀಸಿಗೆ ಬಂದಿದ್ದರು. ಫೋನು ನನ್ನ ಮೇಜಿನ ಮೇಲೆ ಕುಕ್ಕಿದರು.

“ಇದನ್ನ ಓದಿ.”

ಓದಿದೆ. ‘ನಿಮ್ಮ ಮನೆಯ ವರ್ಗಾವಣೆಗೆ ಅರ್ಜಿ ಬಂದಿದೆ. ಒಪ್ಪಿಗೆ ಇಲ್ಲದಿದ್ದರೆ ಇಂದು ಸಂಜೆ ಐದರೊಳಗೆ ತಕರಾರು ಸಲ್ಲಿಸಿ.’

ಹದಿನೈದು ದಿನದಿಂದ ಇಂಥ ಮೆಸೇಜು ಬರುತ್ತಲೇ ಇತ್ತಂತೆ. ಯಾವುದೋ ಜಾಹೀರಾತು ಅಂತ ಬಿಟ್ಟಿದ್ದರಂತೆ! ಹಿಂದೆಲ್ಲ ಇಂಥ ನೋಟೀಸು ತಾಲ್ಲೂಕು ಕಚೇರಿ ಗೋಡೆಗೆ ಅಂಟಿಸುತ್ತಿದ್ದರು, ಆಡು ತಿಂದು ಹೋಗುತ್ತಿತ್ತು. ಈಗ ಜೇಬಿಗೇ ಬಂದು ಕೂಗುತ್ತದೆ.

“ಯಾರು ಮಾಡಿಸ್ತಿರೋದು?”

“ನಮ್ಮಣ್ಣನ ಮಗ. ನಾನೇ ದಾನಪತ್ರ ಬರ್ಕೊಟ್ಟಿದೀನಂತೆ! ಮೆಸೇಜಿನ ಜೊತೆಗೇ ನಕಲು ಇದೆ. ಕಳ್ಳಸಹಿ.”

“ಕಳ್ಳಸಹಿ ಅಂತ ಹೇಗೆ ಗೊತ್ತು?”

“ನನ್ನ ಹೆಸರಲ್ಲೇ ಒತ್ತಕ್ಷರ ತಪ್ಪು ಮಾಡಿದಾನೆ, ದರಿದ್ರದವನು!”

“ಹಾಗಾದ್ರೆ ಫೋನಲ್ಲೇ ತಕರಾರು ಕಳಿಸಿಬಿಡಿ.”

ಅವರು ನನ್ನನ್ನು ಕೆಕ್ಕರಿಸಿ ನೋಡಿದರು. “ಮೂವತ್ನಾಲ್ಕು ವರ್ಷ ಆ ಕಚೇರಿ ಮೆಟ್ಟಿಲ ಕೆಳಗೆ ಕೂತು ಜನರ ಅರ್ಜಿ ಟೈಪ್ ಮಾಡಿದೀನಿ. ಸೀಲು ಬೀಳದ ಕಾಗದ ಕಾಗದಾನೇ ಅಲ್ಲ! ನೀವು ಜೊತೆಗೆ ಬನ್ನಿ, ಸಾಕು.”

ಹೋದೆವು. ಕಚೇರಿಯ ಗೇಟಿನಲ್ಲಿ ಅಣ್ಣನ ಮಗ ಕಳಿಸಿದ ಜೀಪು ಕಾಯುತ್ತಿತ್ತು. ಮೂವರೂ ರಾಡು ಹಿಡಿದು ಇಳಿದರು... ಸೀಲಿನ ವ್ಯಾಮೋಹ ಅಲ್ಲೇ ಇಳಿಯಿತು. ನಾನು ಸ್ಕೂಟರು ತಿರುಗಿಸಿದೆ. ಅವರು ಫೋನು ತೆರೆದರು.

ಲಾರಿ ದಾಟಿದ ಮೇಲೆ ಓಣಿಗೆ ನುಗ್ಗಿದೆ. ಓಣಿಯ ಕೊನೆಗೆ ಗೋಡೆ! ಪಕ್ಕದಲ್ಲೊಂದು ಅರ್ಧ ಕಟ್ಟಿದ ಬಿಲ್ಡಿಂಗು.

“ಹತ್ತಿ ಅಮ್ಮಾ!”

ಮೂರು ಮಹಡಿ. ನನಗೆ ಏದುಸಿರು. ಅವರಿಗಿಲ್ಲ! ತಾರಸಿ ಬಾಗಿಲ ಚಿಲಕ ಹಾಕಿ ಬೆನ್ನು ಕೊಟ್ಟು ನಿಂತೆ.

ಗಂಟೆ ನಾಲ್ಕು ಐವತ್ತೊಂದು.

ಟೈಪಿಸ್ಟಮ್ಮ ಅಲ್ಲಿ ಬಿದ್ದಿದ್ದ ಬಕೆಟ್ ಬೋರಲು ಹಾಕಿ ಕೂತರು, ಕನ್ನಡಕ ಏರಿಸಿದರು. ಫೋನು ತಕರಾರಿನ ವಿವರ ಕೇಳುತ್ತಿತ್ತು. ಅವರ ಬೆರಳುಗಳು ಕುಣಿದವು. ಬರೆದದ್ದನ್ನೇ ಬಾಯಲ್ಲೂ ಹೇಳುತ್ತಿದ್ದರು:

“ಮಾನ್ಯರೇ, ತಮ್ಮ ಘನ ಸನ್ನಿಧಾನದಲ್ಲಿ ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ...”

ಧಡ್! ಬಾಗಿಲಿಗೆ ಮೊದಲ ಏಟು.

“ಅಮ್ಮಾ! ಚಿಕ್ಕದಾಗಿ ಬರೀರಿ!”

“ಸುಮ್ನಿರಿ! ಅರ್ಜಿ ಅಂದ್ಮೇಲೆ ಒಂದು ಮರ್ಯಾದೆ ಇರುತ್ತೆ. ...ಸದರಿ ಸ್ವತ್ತಿಗೆ ಸಂಬಂಧಿಸಿದಂತೆ, ಮೇಲೆ ಕಾಣಿಸಿದ ವಿಷಯದನ್ವಯ...”

ಧಡ್! ಧಡ್! ಚಿಲಕದ ಒಂದು ಸ್ಕ್ರೂ ಹಾರಿತು.

ಫೋನು ಬೀಪ್ ಎಂದಿತು. ‘ಮುನ್ನೂರು ಅಕ್ಷರಗಳ ಮಿತಿ ಮೀರಿದೆ.’

ಅವರ ಬೆರಳು ನಿಂತಿತು.

“ಇಷ್ಟೇನಾ?” ದನಿ ಸಣ್ಣಗಾಯಿತು. “ಮೂರು ಪುಟ ಟೈಪ್ ಮಾಡಿಸ್ಕೊಂಡು ಜನ ಮೂರು ತಿಂಗಳು ಅಲೀತಿದ್ರಲ್ರೀ... ಇಷ್ಟೇ ಸಾಕಿತ್ತಾ?”

“ಇಷ್ಟೇ ಸಾಕು ಅಮ್ಮಾ!”

ಎಲ್ಲವನ್ನೂ ಅಳಿಸಿದರು. ಮತ್ತೆ ಬರೆದರು. ‘ಸಹಿ ನನ್ನದಲ್ಲ. ಮನೆ ನನ್ನದು.’

ಒತ್ತಿದರು.

ಅದೇ ಕ್ಷಣ ಬಾಗಿಲು ಕಿತ್ತುಕೊಂಡು ನನ್ನ ಮೇಲೆ ಬಿತ್ತು! ಬಾಗಿಲ ಕೆಳಗೆ ನಾನು. ಬಾಗಿಲ ಮೇಲೆ ಮೂವರು! ಮುಂದಿದ್ದ ಬೋಳುತಲೆಯವನು ರಾಡು ಎತ್ತಿದ.

“ಅಜ್ಜಿ, ಫೋನ್ ಕೊಡು!”

“ಏ! ಒಟಿಪಿ ಬಂದಿದೆ! ಯಾರಿಗೂ ತೋರಿಸ್ಬಾರ್ದು! ಎಲ್ಲಾ ಆ ಕಡೆ ತಿರುಗಿ!”

ನಂಬಿದರೆ ನಂಬಿ, ಬಿಟ್ಟರೆ ಬಿಡಿ...

ಮೂವರೂ ತಿರುಗಿದರು!

ಅಭ್ಯಾಸಬಲ. ನಾಲ್ಕೇ ಸೆಕೆಂಡು. ಅಷ್ಟರಲ್ಲಿ ಆರು ಅಂಕಿ ಒತ್ತಿಯಾಗಿತ್ತು.

ಟಿಂಗ್! ‘ತಕರಾರು ದಾಖಲಾಗಿದೆ. ವರ್ಗಾವಣೆ ತಡೆಹಿಡಿಯಲಾಗಿದೆ.’

ನಾಲ್ಕು ಐವತ್ತೆಂಟು.

ಬೋಳುತಲೆಯವನ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಅಣ್ಣನ ಮಗನ ಕಿರುಚಾಟ ನನಗೂ ಕೇಳಿಸಿತು. “ಕೌಂಟರಲ್ಲಿ ಸ್ಕ್ರೀನ್ ಕೆಂಪಾಯ್ತು ಕಣೋ! ತನಿಖೆ ಅಂತಿದಾರೆ! ನಾನು ಊರು ಬಿಡ್ತಿದೀನಿ!”

ಬೋಳುತಲೆಯವನು ಅಜ್ಜಿಯನ್ನು ನೋಡಿದ. ಫೋನನ್ನು ನೋಡಿದ. ರಾಡು ಕೆಳಗಿಳಿಯಿತು.

“ಅಷ್ಟರಲ್ಲೇ ಆಗೋಯ್ತಾ ಅಜ್ಜಿ?”

“ಆಯ್ತಪ್ಪ.”

ಅವನು ತಲೆ ಕೆರೆದುಕೊಂಡ. ನಾಚಿಕೊಂಡ! “ನನ್ನ ಮಗಳ ಜನನ ಪ್ರಮಾಣಪತ್ರ... ಎರಡು ವರ್ಷದಿಂದ ಅಲೀತಿದೀನಿ. ಸ್ಕೂಲಲ್ಲಿ ಸೇರಿಸ್ಕೊಳ್ತಿಲ್ಲ. ಅದೂ ಆಗುತ್ತಾ?”

ಟೈಪಿಸ್ಟಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

“ಮೊದಲು ಬಾಗಿಲ ಮೇಲಿಂದ ಇಳಿ. ಕೆಳಗೆ ಮನುಷ್ಯ ಇದಾನೆ.”

ಇಳಿದ. ನನ್ನನ್ನು ಎತ್ತಿ ನಿಲ್ಲಿಸಿ ಅಂಗಿಯ ಧೂಳನ್ನೂ ಕೊಡವಿದ. ಅವನ ಹಿಂದೆ ಒಬ್ಬ ಬಂದು ನಿಂತ. ಅವನ ಹಿಂದೆ ಇನ್ನೊಬ್ಬ.

ಆನ್‌ಲೈನ್ ಬಂದಮೇಲೆ ಕ್ಯೂ ಇಲ್ಲ ಅಂತಾರೆ. ಶುದ್ಧ ಸುಳ್ಳು! ನನ್ನ ಡಿಟೆಕ್ಟಿವ್ ಲೈಸೆನ್ಸಿನ ಅವಧಿ ಮುಗಿದು ಎಂಟು ತಿಂಗಳಾಗಿತ್ತು... ಆ ತಾರಸಿಯ ಮೇಲೆ ನಾನು ನಾಲ್ಕನೆಯವನು.